ಕೊಡಗಿನ ಶಾಲೆಗಳಲ್ಲಿ ಕಲಿಕೆಯ ಪ್ರಯೋಗಗಳು: ಸಾಮಗ್ರಿಯ ರಚನೆಯನ್ನು ಕುರಿತು

ಶಿಕ್ಷಣ ಮನಶ್ಶಾಸ್ತ್ರದಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಮ್ಮ ಶ್ರಮದ ಬಹುಭಾಗವನ್ನು ಪ್ರಯೋಗದ ವಿನ್ಯಾಸಕ್ಕೂ ಸಂಖ್ಯಾಶಾಸ್ತ್ರದ ಗಣನೆಗೂ ವಿನಿಯೋಗಿಸುತ್ತಾರೆ. ಮಗುವಿನ ಮುಂದೆ ಇಡತಕ್ಕ ಪದಗಳ ಪಟ್ಟಿ, ಓದಿಸತಕ್ಕ ಗದ್ಯಭಾಗ, ತೋರಿಸತಕ್ಕ ಚಿತ್ರ, ಅಭ್ಯಾಸಕ್ಕೆ ಕೊಡತಕ್ಕ ಹಾಳೆ, ಇವು ಎಲ್ಲಿಂದಲೋ ದೊರೆತುಬಿಡುತ್ತವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಿಂದಿನ ಪ್ರಬಂಧವೊಂದರ ಅನುಬಂಧದಿಂದಲೋ, ಪಾಶ್ಚಾತ್ಯ ಗ್ರಂಥವೊಂದರ ಅನುವಾದದಿಂದಲೋ ಸಾಮಗ್ರಿಯನ್ನು ಎತ್ತಿಕೊಂಡು ಶಾಲೆಗೆ ನಡೆದುಬಿಡುವುದು ವಾಡಿಕೆಯಾಗಿದೆ. ಗಣನೆ ಎಷ್ಟೇ ನಿರ್ದುಷ್ಟವಾಗಿದ್ದರೂ ಸಾಮಗ್ರಿ ದೋಷಯುಕ್ತವಾದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಈ ಮಾತು ಎಲ್ಲ ಪ್ರದೇಶಗಳಿಗೂ ಸಲ್ಲುವುದಾದರೂ, ಕೊಡಗಿನಂತಹ ಬಹುಭಾಷಾ ಜಿಲ್ಲೆಯಲ್ಲಿ ಅದರ ಸತ್ಯ ಪ್ರಯೋಗದ ಮೊದಲನೆಯ ದಿನವೇ ಎದುರಿಗೆ ಬಂದು ನಿಲ್ಲುತ್ತದೆ. ಅಂತಹ ಸಾಮಗ್ರಿಯನ್ನು ರಚಿಸುವಾಗ ಯಾವ ಯಾವ ಎಡೆಗಳಲ್ಲಿ ಎಚ್ಚರಿಕೆ ಬೇಕೆಂಬುದನ್ನು, ಕೊಡಗಿನ ಶಾಲೆಗಳನ್ನು ಮುಂದಿಟ್ಟುಕೊಂಡು, ಇಲ್ಲಿ ವಿಚಾರ ಮಾಡಲಾಗಿದೆ.

ಕನ್ನಡನಾಡಿನಲ್ಲಿ ಈ ವಿಚಾರ ಹೊಸದಲ್ಲ. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿ ಬೆಳೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದವರು; ಪ್ರಯೋಗಶಾಲೆಯ ಶಿಸ್ತು ನಮ್ಮ ಕಾಲೇಜುಗಳಿಗೆ ಬಂದುದು ಆ ಮಾರ್ಗದಿಂದ. ಉತ್ತರದಲ್ಲಿ ಡಾ. ವಿ. ವಿ. ಕಾಮತರು ಬಿನೆಯವರ ಬುದ್ಧಿಮಾಪನ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ತಮ್ಮ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ಚಿಕಿತ್ಸಾಲಯಗಳಿಗೂ ಶಾಲೆಗಳಿಗೂ ಪರಿಚಿತವಾಗಿದೆ. ಬೇರೊಂದು ನಾಡಿನಲ್ಲಿ ಹುಟ್ಟಿದ ಪ್ರಶ್ನೆಯನ್ನು ಭಾಷಾಂತರ ಮಾಡಿದ ಮಾತ್ರಕ್ಕೆ ಅದು ನಮ್ಮ ಮಗುವಿನ ಪ್ರಶ್ನೆಯಾಗುವುದಿಲ್ಲ, ಅದನ್ನು ಮಕ್ಕಳ ಮೇಲೆ ಪ್ರಯೋಗಿಸಿ ಯಾವ ವಯಸ್ಸಿಗೆ ಸಲ್ಲುತ್ತದೆಂದು ಹೊಸದಾಗಿ ಗೊತ್ತುಮಾಡಬೇಕು ಎಂಬ ತತ್ತ್ವ ಆ ಕೆಲಸದ ಬೆನ್ನೆಲುಬಾಗಿತ್ತು. ಆದರೆ ಕನ್ನಡ ಮನೆಮಾತಾಗಿರುವ ಮಗುವಿಗೆ ಹೊಂದಿಸಿದ ಸಾಮಗ್ರಿ, ಕನ್ನಡ ಶಾಲೆಯ ಮಾತು ಮಾತ್ರ ಆಗಿರುವ ಮಗುವಿಗೆ ಹೊಂದುತ್ತದೆಯೆ ಎಂಬ ಪ್ರಶ್ನೆ ಉಳಿದೇ ಇದೆ. ಕೊಡಗಿನಲ್ಲಿ ಕೇಳಬೇಕಾದ ಪ್ರಶ್ನೆ ಇದೇ.

ಕೊಡಗಿನಲ್ಲಿ ಕನ್ನಡಕ್ಕೆ ಬಹುಕಾಲದ ಪ್ರತಿಷ್ಠೆಯಿದೆ. ಹಾಲೇರಿ ಅರಸರ ಆಡಳಿತ ಕನ್ನಡದಲ್ಲಿ ನಡೆಯಿತು. 1834ರಲ್ಲಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡ ಮೇಲೆಯೂ ಶಾಲೆಯ ಭಾಷೆ ಮುಖ್ಯವಾಗಿ ಕನ್ನಡವಾಗಿಯೇ ಉಳಿಯಿತು. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಸೇರಿತು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧನೆಯ ಸೌಕರ್ಯ ಒದಗಬೇಕೆಂದು ಹೇಳುತ್ತದೆ. ಶಾಸನದ ಮಾತು ಹಾಗಿರಲಿ. ತರಗತಿಯೊಳಗೆ ಹೋಗಿ ನೋಡಿದರೆ ಒಂದೇ ಬೆಂಚಿನ ಮೇಲೆ ಕೊಡವ ತಕ್ಕ್ ಆಡುವ ಮಗು, ಅರೆಭಾಷೆಯ ಗೌಡರ ಮಗು, ಮಲೆಯಾಳ ಆಡುವ ಮಗು, ತುಳು ಅಥವಾ ಬ್ಯಾರಿ ಭಾಷೆಯ ಮಗು ಕುಳಿತಿರುತ್ತವೆ. ಹಾಡಿಗಳಿಂದ ಬರುವ ಯರವ, ಜೇನುಕುರುಬ, ಬೆಟ್ಟಕುರುಬ ಮಕ್ಕಳ ಮಾತು ಬೇರೆ. ತೋಟದ ಲೈನ್ ಮನೆಗಳಿಗೆ ಈಚಿನ ವರ್ಷಗಳಲ್ಲಿ ಅಸ್ಸಾಮಿನಷ್ಟು ದೂರದಿಂದ ಬಂದ ಕುಟುಂಬಗಳೂ ಸೇರಿವೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ದೇಶದಲ್ಲೆಲ್ಲ ಕೊಡವವನ್ನು ಮಾತೃಭಾಷೆಯೆಂದು ಬರೆಸಿದವರು 1,13,857 ಮಂದಿ. ಅವರಲ್ಲಿ ಹೊರ ಊರುಗಳಲ್ಲಿ ನೆಲೆಸಿದವರೂ ಇರುವರಾದುದರಿಂದ, ಕೊಡಗೆಂದರೆ ಕೊಡವ ಭಾಷೆಯೊಂದೇ ಎಂದು ಬಗೆದು ಸಾಮಗ್ರಿ ಸಿದ್ಧಪಡಿಸುವವರೂ ಎಡವುತ್ತಾರೆ.

ಒಂದು ಸಣ್ಣ ಪದದಿಂದಲೇ ಪ್ರಾರಂಭಿಸೋಣ. ಕನ್ನಡದ ಬಾಲಪಾಠಗಳಲ್ಲಿ ನರಿಯಷ್ಟು ಪರಿಚಿತವಾದ ಪ್ರಾಣಿ ಬೇರೊಂದಿಲ್ಲ. ಗ್ರಹಿಕೆಯ ಪರೀಕ್ಷೆಗೆ ಗದ್ಯಭಾಗ ಬೇಕಾದಾಗ ನರಿಯ ಕಥೆಯೊಂದನ್ನು ಆರಿಸಿಕೊಳ್ಳುವುದು ಎಲ್ಲರಿಗೂ ಸಹಜವಾಗಿ ತೋರುತ್ತದೆ. ಆದರೆ ಕೊಡವ ಭಾಷೆಯಲ್ಲಿ ‘ನರಿ’ ಎಂದರೆ ಹುಲಿ. ಹುಲಿಯನ್ನು ಕೊಂದ ವೀರನಿಗೆ ಮದುವೆಯ ರೀತಿಯ ಸಂಭ್ರಮದಿಂದ ನಡೆಸುತ್ತಿದ್ದ ಗೌರವಕ್ಕೆ ‘ನರಿ ಮಂಗಲ’ ಎಂಬ ಹೆಸರಿದ್ದುದು ಕೊಡಗಿನ ಚರಿತ್ರೆಯನ್ನು ಓದಿದವರಿಗೆ ತಿಳಿದಿದೆ. ಈಗ ಆರು ವರ್ಷದ ಕೊಡವ ಬಾಲಕಿಯೊಬ್ಬಳಿಗೆ ನರಿಯ ಕಥೆ ಹೇಳಿ, ಆ ಪ್ರಾಣಿಯನ್ನು ವರ್ಣಿಸಲು ಕೇಳಿದೆವೆಂದು ಭಾವಿಸೋಣ. ಅವಳು ಪಟ್ಟೆಗಳುಳ್ಳ ದೊಡ್ಡ ಪ್ರಾಣಿಯನ್ನು ವರ್ಣಿಸಿದರೆ ಅಂಕದ ಹಾಳೆಯಲ್ಲಿ ಸೊನ್ನೆ ಬೀಳುತ್ತದೆ. ಹುಲಿಯೊಂದು ದ್ರಾಕ್ಷಿಗೆ ಆಸೆಪಟ್ಟು ಜಿಗಿಯಿತೆಂಬ ಕಥೆ ಅವಳಿಗೆ ವಿಚಿತ್ರವಾಗಿ ಕಂಡು, ಉಳಿದ ಪ್ರಶ್ನೆಗಳಿಗೂ ಅವಳು ತಡವರಿಸುತ್ತಾಳೆ. ಪ್ರಬಂಧದಲ್ಲಿ ಇದು ‘ಗ್ರಹಣಶಕ್ತಿಯ ಕೊರತೆ’ ಎಂದು ದಾಖಲಾಗುತ್ತದೆ. ಕೊರತೆಯಿದ್ದುದು ಸಾಮಗ್ರಿಯಲ್ಲಿ.

ಇಂತಹ ಪದಗಳು ಒಂದೆರಡಲ್ಲ. ಕನ್ನಡದಲ್ಲಿ ‘ಪಟ್ಟಿ’ ಎಂದರೆ ಯಾದಿ. ಮಲೆಯಾಳದ ಮಗುವಿಗೆ ಅದು ನಾಯಿ. ಇದಕ್ಕೆ ವ್ಯತಿರಿಕ್ತವಾಗಿ, ರೂಪ ಸ್ವಲ್ಪವೇ ಬೇರೆಯಾಗಿ ಅರ್ಥ ಒಂದೇ ಆಗಿರುವ ಪದಗಳೂ ಹೇರಳವಾಗಿವೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಯಿತು; ಕೊಡವದಲ್ಲಿ ಪಕಾರ ಉಳಿದುಕೊಂಡಿದೆ. ಹಾಲಿಗೆ ಪಾಲ್, ಹಲ್ಲಿಗೆ ಪಲ್ಲ್, ಹಣಕ್ಕೆ ಪಣ, ಹಂದಿಗೆ ಪಂದಿ. ಈ ವರ್ಗದ ಪದಗಳನ್ನು ಕೊಡವ ಮಗು ಅನಾಯಾಸವಾಗಿ ಕಲಿಯುತ್ತದೆ. ಆದುದರಿಂದ ಪದಪಟ್ಟಿಯನ್ನು ರಚಿಸುವ ಸಂಶೋಧಕನು ಪ್ರತಿಯೊಂದು ಪದವನ್ನೂ ಆ ಶಾಲೆಯ ಮನೆಮಾತುಗಳ ಎದುರಿಗೆ ಇಟ್ಟು, ಸಮಾನ ಪದ, ಸಮೀಪ ಪದ, ಸಂಪೂರ್ಣ ಭಿನ್ನ ಪದ, ಮೋಸಗೊಳಿಸುವ ಪದ ಎಂದು ಗುರುತುಮಾಡಿಕೊಳ್ಳಬೇಕು. ಎರಡು ಬೋಧನಾಕ್ರಮಗಳನ್ನು ಹೋಲಿಸುವಾಗ ಒಂದು ಕ್ರಮಕ್ಕೆ ಸಮೀಪ ಪದಗಳು ಹೆಚ್ಚಾಗಿ, ಇನ್ನೊಂದಕ್ಕೆ ಭಿನ್ನ ಪದಗಳು ಹೆಚ್ಚಾಗಿ ಬಂದುಬಿಟ್ಟರೆ, ಗೆದ್ದದ್ದು ಕ್ರಮವೋ ಪದವೋ ಎಂದು ಹೇಳುವವರಾರು?

ಅರ್ಥದ ಈ ತೊಡಕಿನಿಂದ ಪಾರಾಗಬೇಕೆಂದರೆ ಅರ್ಥವೇ ಇಲ್ಲದ ಸಾಮಗ್ರಿಯನ್ನು ಬಳಸಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಜರ್ಮನಿಯ ಎಬ್ಬಿಂಗ್‌ಹೌಸ್ ಮಾಡಿದ್ದು ಇದನ್ನೇ. ವ್ಯಂಜನ, ಸ್ವರ, ವ್ಯಂಜನ ಎಂಬ ಕ್ರಮದಲ್ಲಿ ಸುಮಾರು 2300 ನಿರರ್ಥಕ ಶಬ್ದಾಂಶಗಳನ್ನು ಕಟ್ಟಿಕೊಂಡು, ತನ್ನನ್ನೇ ಪ್ರಯೋಜ್ಯನನ್ನಾಗಿಸಿಕೊಂಡು ಕಲಿತು, ಮರೆತು, ಮತ್ತೆ ಕಲಿತು, ಸ್ಮೃತಿಯ ವಿಚಾರವಾಗಿ ಆತನು 1885ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಶಾಸ್ತ್ರದ ಅಡಿಗಲ್ಲುಗಳಲ್ಲೊಂದು. ಆದರೆ 1928ರಲ್ಲಿ ಗ್ಲೇಜ್ ಎಂಬ ಅಮೆರಿಕನ್ ಸಂಶೋಧಕನು ಇಂತಹ ಶಬ್ದಾಂಶಗಳನ್ನು ಒಂದೊಂದಾಗಿ ವಿದ್ಯಾರ್ಥಿಗಳಿಗೆ ತೋರಿಸಿ, ಅವುಗಳಿಂದ ಏನಾದರೂ ನೆನಪಿಗೆ ಬರುತ್ತದೆಯೇ ಎಂದು ವಿಚಾರಿಸಿದಾಗ, ನಿರರ್ಥಕವೆನಿಸಿದವೆಲ್ಲ ಸಮಾನವಾಗಿ ನಿರರ್ಥಕವಲ್ಲವೆಂಬುದು ಸ್ಪಷ್ಟವಾಯಿತು. ಕೆಲವು ಶಬ್ದಾಂಶಗಳಿಂದ ಬಹುಮಂದಿಗೆ ಏನೋ ಒಂದು ಹೊಳೆಯುತ್ತದೆ. ಕೆಲವು ಯಾರಿಗೂ ಏನನ್ನೂ ಸೂಚಿಸುವುದಿಲ್ಲ.

ಕನ್ನಡದಲ್ಲಿ ಇನ್ನೂ ಒಂದು ಅಡಚಣೆಯಿದೆ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರಾಂತವಾದವು. ಬಸ್ ಎಂಬುದು ಬಸ್ಸು, ಕಾರ್ ಎಂಬುದು ಕಾರು ಆಗುವ ನಾಲಗೆಗೆ ವ್ಯಂಜನಾಂತವಾದ ಶಬ್ದಾಂಶವನ್ನು ಕಲಿಸಿದರೆ ಮಗು ಕೊನೆಗೊಂದು ಉಕಾರವನ್ನು ಸೇರಿಸಿ ಹೇಳುತ್ತದೆ. ಅದನ್ನು ಸರಿಯೆನ್ನಬೇಕೆ ತಪ್ಪೆನ್ನಬೇಕೆ ಎಂಬ ಜಿಜ್ಞಾಸೆ ಹುಟ್ಟುತ್ತದೆ. ಹೀಗಾಗಿ ಎರಡು ಅಕ್ಷರಗಳ, ಸ್ವರಾಂತವಾದ ಗುಚ್ಛಗಳೇ ನಮಗೆ ಯೋಗ್ಯ. ಅಂತಹವನ್ನು ಕಟ್ಟಲು ಕುಳಿತ ಬೆಂಗಳೂರಿನ ಅಥವಾ ಮೈಸೂರಿನ ಸಂಶೋಧಕನಿಗೆ ‘ಪಂದಿ’, ‘ಪಿಲಿ’, ‘ಪೂಚ್ಚ’ ಇವು ನಿರ್ದೋಷವಾದ ನಿರರ್ಥಕ ಪದಗಳಾಗಿ ತೋರಬಹುದು. ಕೊಡಗಿನ ತರಗತಿಯಲ್ಲಿ ಮೊದಲನೆಯದನ್ನು ಕೇಳಿ ಕೊಡವ ಮಕ್ಕಳಿಗೆ ಹಂದಿಯೂ, ಎರಡನೆಯದನ್ನು ಕೇಳಿ ತುಳು ಮಕ್ಕಳಿಗೆ ಹುಲಿಯೂ, ಮೂರನೆಯದನ್ನು ಕೇಳಿ ಮಲೆಯಾಳದ ಮಕ್ಕಳಿಗೆ ಬೆಕ್ಕೂ ಕಣ್ಣೆದುರಿಗೆ ಬಂದು ನಿಲ್ಲುತ್ತವೆ. ತರಗತಿ ನಗುವುದಂತೂ ನಿಶ್ಚಯ. ಬೇಕಾದುದಕ್ಕಿಂತ ಮೂರು ಪಾಲು ಹೆಚ್ಚು ಗುಚ್ಛಗಳನ್ನು ಕಟ್ಟಿಕೊಂಡು, ಶಾಲೆಯ ಸುತ್ತಿನ ಪ್ರತಿಯೊಂದು ಭಾಷೆಯನ್ನಾಡುವ ಹಿರಿಯರ ಮುಂದೆ ಗಟ್ಟಿಯಾಗಿ ಓದಿ, ಅರ್ಥ ಹೊಳೆದವನ್ನೆಲ್ಲ ತೆಗೆದುಹಾಕಿ, ಉಳಿದವನ್ನು ಬೇರೊಂದು ಶಾಲೆಯ ಮಕ್ಕಳಲ್ಲಿ ಗ್ಲೇಜ್ ಮಾಡಿದಂತೆ ವಿಚಾರಿಸಿ ನೋಡುವುದು ಸುರಕ್ಷಿತವಾದ ಮಾರ್ಗ. ಈ ಕೆಲಸಕ್ಕೆ ಒಂದು ತಿಂಗಳು ಹಿಡಿದರೂ ಅದು ವ್ಯರ್ಥವಲ್ಲ.

ಅಂಕಿಗಳಾದರೂ ನಿಷ್ಪಕ್ಷಪಾತವಾದ ಸಾಮಗ್ರಿಯೆಂದು ನಂಬುವವರಿದ್ದಾರೆ. ಬುದ್ಧಿಮಾಪನದ ಅನೇಕ ಪರೀಕ್ಷೆಗಳಲ್ಲಿ ಅಂಕಿಗಳ ಸಾಲನ್ನು ಕೇಳಿ ಮರಳಿ ಹೇಳುವ ಭಾಗವಿದೆ. 1980ರಲ್ಲಿ ಎಲಿಸ್ ಮತ್ತು ಹೆನ್ನೆಲಿ ಎಂಬವರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸಿತು. ವೆಲ್ಷ್ ಭಾಷೆಯ ಅಂಕಿಗಳ ಹೆಸರುಗಳನ್ನು ಉಚ್ಚರಿಸಲು ಇಂಗ್ಲಿಷಿನವಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಕಾರಣದಿಂದಲೇ ಆ ಮಕ್ಕಳ ಅಂಕಿಸ್ಮರಣೆ ಕಡಮೆಯಾಗಿ ಕಾಣುತ್ತಿತ್ತು. ಬುದ್ಧಿಯ ಮಾತು ಅಲ್ಲಿ ಇರಲೇ ಇಲ್ಲ. ಇದನ್ನು ಮಡಿಕೇರಿಗೆ ಅನ್ವಯಿಸಿ ನೋಡೋಣ. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗಿನ ಹೆಸರುಗಳಲ್ಲಿ ಏಳನೆಯದೊಂದನ್ನು ಬಿಟ್ಟರೆ ಉಳಿದುವೆಲ್ಲ ಒಂದೇ ಉಸಿರಿನ ತುಣುಕುಗಳು. ಕನ್ನಡದಲ್ಲಿ ಯಾವುದೂ ಎರಡು ಅಕ್ಷರಗಳಿಗೆ ಕಡಮೆಯಿಲ್ಲ. ಎರಡು ಮತ್ತು ಒಂಬತ್ತು ಮೂರು ಅಕ್ಷರಗಳವು. ಕೊಡವದಲ್ಲಿ ಒಂದ್, ದಂಡ್, ಮೂಂದ್ ಎಂದು ಎಣಿಕೆ ಮೊದಲಾಗುತ್ತದೆ. ಕೊನೆಯ ಸ್ವರ ಅತಿ ಹ್ರಸ್ವ. ಇಂಗ್ಲಿಷ್ ಮಾಧ್ಯಮದ ಬಾಲಕನಿಗೆ ಇಂಗ್ಲಿಷಿನಲ್ಲಿಯೂ ಕನ್ನಡ ಮಾಧ್ಯಮದ ಬಾಲಕನಿಗೆ ಕನ್ನಡದಲ್ಲಿಯೂ ಅಂಕಿಗಳನ್ನು ಹೇಳಿಸಿ, ಇಬ್ಬರ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು. ಉಚ್ಚಾರಣೆಯ ವೇಗವನ್ನು ಬೇರೆಯಾಗಿ ಅಳೆದುಕೊಂಡು ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಉಚಿತ.

ಚಿತ್ರಗಳ ವಿಷಯಕ್ಕೆ ಬರೋಣ. ಭಾಷೆಯ ತೊಡಕಿಲ್ಲದ ಸಾಮಗ್ರಿಯೆಂದು ಇವುಗಳ ಮೇಲೆ ವಿಶ್ವಾಸ ಹೆಚ್ಚು. ಸ್ನಾಡ್‌ಗ್ರಾಸ್ ಮತ್ತು ವ್ಯಾಂಡರ್‌ವಾರ್ಟ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ 260 ರೇಖಾಚಿತ್ರಗಳ ಸಂಗ್ರಹವು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಯಾಗಿದೆ. ಪ್ರತಿಯೊಂದು ಚಿತ್ರಕ್ಕೂ ಎಷ್ಟು ಮಂದಿ ಒಂದೇ ಹೆಸರು ಹೇಳುತ್ತಾರೆ, ಅದು ಎಷ್ಟು ಪರಿಚಿತ, ಎಷ್ಟು ಜಟಿಲ ಎಂಬುದನ್ನು ಅವರು ಅಳೆದು ಕೊಟ್ಟಿದ್ದಾರೆ. ಅಳತೆಯ ಆ ರೀತಿ ಅನುಕರಣೀಯ. ಚಿತ್ರಗಳನ್ನು ಮಾತ್ರ ಹಾಗೆಯೇ ತರಕೂಡದು. ಹಿಮದ ಬೊಂಬೆ, ಹಿಮದ ಮೇಲೆ ಜಾರುವ ಗಾಡಿ, ಅಮೆರಿಕದ ಕಾಲ್ಚೆಂಡಾಟದ ಶಿರಸ್ತ್ರಾಣ ಮೊದಲಾದುವು ಅದರಲ್ಲಿವೆ. ಇವಕ್ಕೆ ಬದಲಾಗಿ ಕತ್ತಿ, ಗೊರಬೆ, ಕಾಫಿಯ ಹಣ್ಣು, ಜೇನುಗೂಡು, ಬಿದಿರಿನ ಕಳಲೆ ಇವನ್ನು ಬರೆಸಬಹುದು. ಇಲ್ಲಿಯೂ ಹೆಸರಿನ ಸಮಸ್ಯೆ ತಪ್ಪದು. ಕತ್ತಿಯ ಚಿತ್ರ ತೋರಿಸಿದರೆ ಪಟ್ಟಣದ ಮಗು ಚಾಕು ಅಥವಾ ಚೂರಿ ಎನ್ನುತ್ತದೆ. ಕೊಡವ ಮನೆಯ ಮಗು ಅದು ಒಡಿಕತ್ತಿಯೋ ಪೀಚೆಕತ್ತಿಯೋ ಎಂದು ವಿಭಾಗಿಸಿ ನೋಡುತ್ತದೆ. ಎರಡನೆಯ ಉತ್ತರದಲ್ಲಿ ಜ್ಞಾನ ಹೆಚ್ಚು, ಆದರೆ ಅಂಕದ ಕೀಲಿಯಲ್ಲಿ ಅದಕ್ಕೆ ಸ್ಥಳವಿಲ್ಲದಿದ್ದರೆ ಅದು ತಪ್ಪೇ. ಆದುದರಿಂದ ಒಪ್ಪತಕ್ಕ ಹೆಸರುಗಳನ್ನೆಲ್ಲ, ಎಲ್ಲ ಮನೆಮಾತುಗಳಲ್ಲಿ, ಪ್ರಯೋಗಕ್ಕೆ ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು. ಉತ್ತರಗಳು ಬಂದ ಮೇಲೆ ನಿಯಮ ಮಾಡುವ ಪದ್ಧತಿ ಸಂಶೋಧನೆಗೆ ಹೇಳಿಸಿದ್ದಲ್ಲ.

ಚಿತ್ರದಲ್ಲಿ ದೂರವನ್ನು ತೋರಿಸುವ ರೀತಿಯೂ ಕಲಿತು ಬರುವಂತಹುದು. 1960ರಲ್ಲಿ ಹಡ್ಸನ್ ಎಂಬವರು ದಕ್ಷಿಣ ಆಫ್ರಿಕದಲ್ಲಿ ನಡೆಸಿದ ಪ್ರಸಿದ್ಧ ಪ್ರಯೋಗದ ಚಿತ್ರಗಳಲ್ಲಿ ಬೇಟೆಗಾರ, ಜಿಂಕೆ, ದೂರದಲ್ಲಿ ಸಣ್ಣದಾಗಿ ಬರೆದ ಆನೆ ಇವೆ. ಪುಸ್ತಕದ ಚಿತ್ರಗಳ ಪರಿಚಯವಿಲ್ಲದವರು ಆನೆಯನ್ನು ಹತ್ತಿರವೇ ಇರುವುದೆಂದು ಭಾವಿಸಿದುದುಂಟು. ತಿತಿಮತಿ, ನಾಗರಹೊಳೆಯ ಅಂಚಿನ ಮಕ್ಕಳಿಗೆ ಆನೆ ಎಷ್ಟು ದೂರದಲ್ಲಿದ್ದರೆ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಕಾಗದದ ಮೇಲಿನ ಆನೆಯನ್ನು ಓದುವುದು ಬೇರೊಂದು ವಿದ್ಯೆ. ಚಿತ್ರಪುಸ್ತಕಗಳಿರುವ ಮನೆಯಿಂದ ಬಂದ ಮಗುವಿಗೆ ಆ ವಿದ್ಯೆ ಶಾಲೆಗೆ ಮೊದಲೇ ಬಂದಿರುತ್ತದೆ.

ಕೃತಿರೂಪದ ಪರೀಕ್ಷೆಗಳ ವಿಷಯದಲ್ಲಿಯೂ ಇದೇ ಮಾತು. ಸಿ. ಎಂ. ಭಾಟಿಯಾ ಅವರು 1955ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ ಬಣ್ಣದ ಘನಗಳನ್ನು ಜೋಡಿಸುವುದೂ, ಚಿತ್ರದ ತುಂಡುಗಳನ್ನು ಕೂಡಿಸುವುದೂ ಸೇರಿವೆ. ನಿರಕ್ಷರ ಮಕ್ಕಳಿಗೂ ಸಲ್ಲುವಂತೆ ಅದನ್ನು ಯೋಚಿಸಿದುದು ಶ್ಲಾಘ್ಯ. ಹಾಗಿದ್ದರೂ ಬಣ್ಣದ ಘನವನ್ನು ಎಂದೂ ಕೈಯಲ್ಲಿ ಹಿಡಿಯದ ಮಗುವಿಗೆ ಕೆಲವು ನಿಮಿಷಗಳ ಆಟ ಮೊದಲು ಅವಶ್ಯ. ಅಂಕಕ್ಕೆ ಸೇರದ ಅಭ್ಯಾಸದ ಅಂಶಗಳನ್ನು ನಮ್ಮ ಸಾಮಗ್ರಿಯಲ್ಲಿ ಉದಾರವಾಗಿ ಇಟ್ಟುಕೊಳ್ಳಬೇಕು.

ಗದ್ಯಭಾಗದ ಆಯ್ಕೆ ಎಲ್ಲಕ್ಕಿಂತ ಕಠಿನವಾದುದು. ಕೇಂಬ್ರಿಜಿನ ಬಾರ್ಟ್‌ಲೆಟ್ 1932ರ ತನ್ನ ಗ್ರಂಥದಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷ್ ಓದುಗರಿಂದ ಮತ್ತೆ ಮತ್ತೆ ಹೇಳಿಸಿ, ಅವರ ನೆನಪಿನಲ್ಲಿ ಕಥೆ ಹೇಗೆ ಮಾರ್ಪಟ್ಟಿತೆಂದು ತೋರಿಸಿದ. ಮೂಲದ ವಿಶಿಷ್ಟ ದೋಣಿ ಸಾಮಾನ್ಯ ದೋಣಿಯಾಯಿತು. ಸೀಲ್ ಪ್ರಾಣಿಯ ಬೇಟೆ ಮೀನು ಹಿಡಿಯುವುದಾಯಿತು. ಓದುಗನು ತನಗೆ ತಿಳಿದ ಲೋಕಕ್ಕೆ ಕಥೆಯನ್ನು ಎಳೆದುಕೊಳ್ಳುತ್ತಾನೆ. ಇದನ್ನು ಓದಿದ ನಮ್ಮ ವಿದ್ಯಾರ್ಥಿಗಳು, ಕೊಡಗಿನ ಮಕ್ಕಳಿಗೆ ಕೊಡಗಿನ ವಿಷಯವನ್ನೇ ಕೊಟ್ಟರೆ ಸರಿಹೋಗುತ್ತದೆಂದು ತೀರ್ಮಾನಿಸಿ, ಕಾವೇರಿ ಮತ್ತು ಅಗಸ್ತ್ಯರ ಕಥೆಯನ್ನು ಆರಿಸಿಕೊಳ್ಳುವುದುಂಟು. ಪಾಠ್ಯಪುಸ್ತಕಕ್ಕೆ ಅದು ಒಳ್ಳೆಯ ಆಯ್ಕೆ. ಕಲಿಕೆಯ ಪ್ರಯೋಗಕ್ಕೆ ಕೆಟ್ಟ ಆಯ್ಕೆ. ಅರ್ಧ ತರಗತಿಗೆ ಕಥೆ ಮೊದಲೇ ಬರುತ್ತದೆ. ಅವರು ಓದಿ ಉತ್ತರ ಹೇಳಿದರೋ ಅಜ್ಜಿಯಿಂದ ಕೇಳಿದ್ದನ್ನು ಹೇಳಿದರೋ ತಿಳಿಯುವ ಬಗೆಯಿಲ್ಲ.

ಕಾಫಿಯ ಬೇಸಾಯವನ್ನು ಕುರಿತು ಒಂದು ಗದ್ಯಭಾಗ ಬರೆದರೆ ಹೇಗೆ? ಇದರಲ್ಲಿಯೂ ತಿಳಿವಳಿಕೆ ಸಮನಾಗಿ ಹಂಚಿಕೆಯಾಗಿಲ್ಲ. ಹೂಮಳೆ ಎಂದು ಬರುತ್ತದೆ, ಅರೇಬಿಕದ ಕುಯ್ಲು ಎಂದು ಮುಗಿಯುತ್ತದೆ, ರೊಬಸ್ಟದ್ದು ಎಂದು ಎಂಬುದು ತೋಟದ ಒಡೆಯರ ಮಗುವಿಗೂ ಗೊತ್ತು, ಲೈನ್ ಮನೆಯ ಮಗುವಿಗೂ ಗೊತ್ತು. ಒಂದಕ್ಕೆ ಬೆಲೆ ಮತ್ತು ಗೊಬ್ಬರದ ಮಾತಾಗಿ, ಇನ್ನೊಂದಕ್ಕೆ ಬುಟ್ಟಿ ಮತ್ತು ಕೂಲಿಯ ಮಾತಾಗಿ. ಮಡಿಕೇರಿಯ ಪೇಟೆಯ ಮಗುವಿಗೆ ಎರಡೂ ಅಷ್ಟಾಗಿ ಗೊತ್ತಿಲ್ಲ. ಉಪ್ಪಿನ ಗದ್ದೆಯನ್ನೋ ದೀಪಸ್ತಂಭವನ್ನೋ ಕುರಿತು ಬರೆದರೆ ಎಲ್ಲರಿಗೂ ಸಮಾನವಾಗಿ ಹೊಸದು. ಆದರೆ ಪದಗಳೂ ಹೊಸವಾಗಿ ಓದುವಿಕೆಯೇ ನಿಂತುಬಿಡುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಪರಿಚಿತ ಪರಿಸರದಲ್ಲಿ ನಡೆಯುವ ಅಪರಿಚಿತ ಸಂಗತಿಯನ್ನು ಹೊಸದಾಗಿ ಬರೆದುಕೊಳ್ಳುವುದು ಉತ್ತಮ: ಹೊಳೆಯ ದಡದಲ್ಲಿ ಬದುಕುವ ಒಂದು ಸಣ್ಣ ಕೀಟದ ಜೀವನಕ್ರಮ, ಬಿದಿರು ಹಲವು ವರ್ಷಗಳಿಗೊಮ್ಮೆ ಹೂಬಿಟ್ಟು ಸಾಯುವ ಬಗೆ, ಇಂತಹವು. ಬರೆದ ಮೇಲೆ ಒಂದು ಪರೀಕ್ಷೆ ತಪ್ಪದೆ ಮಾಡಬೇಕು. ಗದ್ಯಭಾಗವನ್ನು ಓದಿಸದೆ ಪ್ರಶ್ನೆಗಳನ್ನು ಮಾತ್ರ ಬೇರೊಂದು ಗುಂಪಿನ ಮಕ್ಕಳಿಗೆ ಕೊಟ್ಟು ನೋಡಬೇಕು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿದರೂ ನೂರಕ್ಕೆ 25 ಸರಿಯಾಗುತ್ತವೆ. ಓದದೆಯೇ ನೂರಕ್ಕೆ 60 ಮಂದಿ ಸರಿಯಾಗಿ ಉತ್ತರಿಸುವ ಪ್ರಶ್ನೆಯಿದ್ದರೆ, ಅದು ಓದಿನ ಪ್ರಶ್ನೆಯಲ್ಲ, ಅದನ್ನು ಬಿಟ್ಟುಬಿಡಬೇಕು.

ಲಿಪಿಯ ವಿಚಾರವನ್ನು ಇಲ್ಲಿ ಸಂಕ್ಷೇಪವಾಗಿ ಮಾತ್ರ ಹೇಳಬಹುದು. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ನಾನೂರಕ್ಕೂ ಮಿಕ್ಕಿದ ಅಕ್ಷರರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಓದುವಿಕೆಯನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಜ್ಞಾನದ ಸಂಪಾದನೆ ಮೊದಲನೆಯ ತರಗತಿಯಲ್ಲಿ ಮುಗಿಯದೆ ಹಲವು ವರ್ಷ ಮುಂದುವರಿಯುತ್ತದೆಂದು ತೋರಿಸಿತು. ಮೂರನೆಯ ತರಗತಿಗೆಂದು ಬರೆದ ಗದ್ಯಭಾಗದಲ್ಲಿ ಒತ್ತಕ್ಷರಗಳು ಎಷ್ಟಿವೆ ಎಂದು ಎಣಿಸದಿದ್ದರೆ ಎರಡು ಗದ್ಯಭಾಗಗಳನ್ನು ಸಮಾನವೆಂದು ಕರೆಯಲಾಗದು. ಮಗು ಯಾವ ಕ್ರಮದಲ್ಲಿ ಅಕ್ಷರ ಕಲಿತಿದೆ ಎಂಬುದೂ ಮುಖ್ಯ. ಕೊಡಗಿನ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಉಪಾಧ್ಯಾಯರೇ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ರಚಿಸಿ ಪ್ರಾರಂಭಿಸಿದ ‘ನಲಿ–ಕಲಿ’ ಕ್ರಮವು ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ವರ್ಣಮಾಲೆಯ ಅನುಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಖಾಸಗಿ ಶಾಲೆಯ ಮಗು ಅ, ಆ, ಇ, ಈ ಎಂದು ಬಂದಿರುತ್ತದೆ. ವರ್ಷದ ಮಧ್ಯದಲ್ಲಿ ಒಂದೇ ಅಕ್ಷರಪಟ್ಟಿಯನ್ನು ಇಬ್ಬರಿಗೂ ಕೊಟ್ಟು ಹೋಲಿಸಿದರೆ ನಾವು ಅಳೆಯುವುದು ಪುಸ್ತಕದ ಕ್ರಮವನ್ನು.

ಕೊಡವದಲ್ಲಿಯೇ ಸಾಮಗ್ರಿ ರಚಿಸಲು ಬಯಸುವವರಿಗೆ ಬೇರೊಂದು ಕಷ್ಟವಿದೆ. 1930ರ ದಶಕದಲ್ಲಿ ಕೊಡಗಿನ ಭಾಷೆಯನ್ನು ಕೇಳಿ ದಾಖಲೆ ಮಾಡಿಕೊಂಡ ಅಮೆರಿಕದ ಭಾಷಾವಿಜ್ಞಾನಿ ಎಮೆನೋ ಅವರು ಅದರ ಸ್ವರಗಳನ್ನು ಕುರಿತು 1970ರಲ್ಲಿ ಬರೆದ ಪ್ರಬಂಧದಲ್ಲಿ, ಕನ್ನಡದಲ್ಲಿಲ್ಲದ ನಡುನಾಲಗೆಯ ಸ್ವರಗಳನ್ನು ವಿವರಿಸಿದ್ದಾರೆ. ಕನ್ನಡ ಲಿಪಿಯಲ್ಲಿ ಅವಕ್ಕೆ ಪ್ರತ್ಯೇಕ ಚಿಹ್ನೆಗಳಿಲ್ಲ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲಿಯೇ ಪ್ರಕಟಿಸಿದರು, ಭಾಷೆ ಬಲ್ಲ ಓದುಗನಿಗೆ ಅದರಿಂದ ತೊಂದರೆಯಾಗಲಿಲ್ಲ. ಆದರೆ ಓದುವ ವೇಗವನ್ನು ಕ್ಷಣಗಳಲ್ಲಿ ಅಳೆಯುವ ಪ್ರಯೋಗದಲ್ಲಿ ಒಂದು ಚಿಹ್ನೆಗೆ ಎರಡು ಉಚ್ಚಾರಣೆಗಳಿರುವುದು ಸಣ್ಣ ವಿಷಯವಲ್ಲ. ಕೊಡವದಲ್ಲಿಯೂ, ಯರವ ಮತ್ತು ಜೇನುಕುರುಬ ಭಾಷೆಗಳಲ್ಲಿಯೂ ಸಾಮಗ್ರಿಯನ್ನು ಸದ್ಯಕ್ಕೆ ಧ್ವನಿಮುದ್ರಿಸಿ ಕೇಳಿಸುವುದೇ ಯುಕ್ತ.

ಕೇಳಿಸುವುದೆಂದರೆ ಮಳೆಯ ನೆನಪು ಬರುತ್ತದೆ. ಜೂನ್‌ನಿಂದ ಆಗಸ್ಟಿನವರೆಗೆ ತಗಡಿನ ಮಾಡಿನ ಮೇಲೆ ಕೊಡಗಿನ ಮಳೆ ಬೀಳುವಾಗ ಉಪಾಧ್ಯಾಯರ ಧ್ವನಿಯೇ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಪಕಾರ ಬಕಾರಗಳ ಭೇದವನ್ನು ಪರೀಕ್ಷಿಸುವ ಪಟ್ಟಿಯ ಗತಿ ಹೇಳಬೇಕಾಗಿಲ್ಲ. ಬೆಳಕು ಮಂಕು, ಕಾರ್ಡುಗಳು ತೇವದಿಂದ ಸುರುಳಿಯಾಗುತ್ತವೆ, ಮೂಲೆ ಬಾಗಿದ ಕಾರ್ಡನ್ನು ಮಕ್ಕಳು ಬೆನ್ನಿನಿಂದಲೇ ಗುರುತಿಸಿಬಿಡುತ್ತಾರೆ. ಮಳೆಯ ರಜೆಗಳೂ ಉಂಟು. 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಕುಸಿದು ಕುಟುಂಬಗಳು ಪರಿಹಾರ ಕೇಂದ್ರಗಳಿಗೆ ತೆರಳಬೇಕಾದಾಗ ಅನೇಕ ಗ್ರಾಮಗಳಲ್ಲಿ ಪಾಠಗಳೇ ನಿಂತುವು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಕಾಫಿಯ ಕುಯ್ಲಿನ ಕಾಲದ್ದು. ನವೆಂಬರಿನಲ್ಲಿ ಪಾಠ ಕಲಿಸಿ ಜನವರಿಯಲ್ಲಿ ಧಾರಣೆಯ ಪರೀಕ್ಷೆ ಮಾಡುವ ಯೋಜನೆ ಹಾಕಿದರೆ, ಆ ವೇಳೆಗೆ ಕೂಲಿಯ ಕುಟುಂಬಗಳ ಮಕ್ಕಳು ತೋಟಕ್ಕೋ ಬೇರೆ ಊರಿಗೋ ಹೋಗಿರುವುದು ಸಂಭವ. ಒಂದು ಕಾಲ್ಪನಿಕ ಲೆಕ್ಕ ನೋಡೋಣ. 40 ಮಕ್ಕಳಿದ್ದಾರೆ, ಮೊದಲ ಪರೀಕ್ಷೆಯಲ್ಲಿ 30 ಮಕ್ಕಳ ಸರಾಸರಿ 16, ಉಳಿದ 10 ಮಕ್ಕಳದು 8, ಎಲ್ಲರದೂ ಸೇರಿ ಸರಾಸರಿ 14. ಆ ಹತ್ತು ಮಕ್ಕಳು ಹೋದ ಮೇಲೆ ಉಳಿದ 30 ಮಕ್ಕಳ ಸರಾಸರಿ 16ರಿಂದ 15ಕ್ಕೆ ಇಳಿದಿದೆ. ಎರಡು ದಿನಗಳ ಒಟ್ಟು ಸರಾಸರಿಯನ್ನು ಮಾತ್ರ ಹೋಲಿಸುವವನಿಗೆ ಅದು 14ರಿಂದ 15ಕ್ಕೆ ಏರಿದಂತೆ ಕಾಣುತ್ತದೆ. ಮಕ್ಕಳು ಮರೆತಿದ್ದಾರೆ, ಪ್ರಬಂಧದಲ್ಲಿ ಬೋಧನಾಕ್ರಮ ಜಯಶೀಲವಾಗಿದೆ! ಧಾರಣೆಯ ಕಾಲವನ್ನು ಕುಯ್ಲಿನಿಂದ ಆಚೆಗೆ ಇಡುವುದೂ, ಎರಡೂ ದಿನ ಹಾಜರಿದ್ದವರ ಅಂಕಗಳನ್ನು ಬೇರೆಯಾಗಿ ತೋರಿಸುವುದೂ, ಹೋದವರು ಯಾರೆಂಬುದನ್ನು ವಿವರಿಸುವುದೂ ಸಂಶೋಧಕನ ಕರ್ತವ್ಯ.

ಇಷ್ಟು ಎಚ್ಚರಿಕೆ ಏಕೆಂದು ಕೇಳುವವರಿಗೆ ಉತ್ತರ ಶಾಲೆಯ ದಾಖಲೆಗಳಲ್ಲಿದೆ. ಪ್ರಯೋಗದ ಅಂಕ ಪ್ರಬಂಧದಲ್ಲಿ ಉಳಿಯುವುದಿಲ್ಲ. ಉಪಾಧ್ಯಾಯರು ಅದನ್ನು ಕೇಳುತ್ತಾರೆ. ಕೇಳುವುದು ಸಹಜವೂ ಹೌದು. ಹಾಡಿಯಿಂದ ಬಂದ ಮಗುವಿನ ಹೆಸರಿನ ಮುಂದೆ ಕಡಮೆ ಬುದ್ಧಿಲಬ್ಧವೊಂದು ಬಿದ್ದರೆ, ಆ ಮಗುವಿಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುವ ಸಂಭವವಿದೆ. ಕೇಳದಿದ್ದರೆ ಹೇಳುವ ಅಭ್ಯಾಸವಿಲ್ಲ, ಹೇಳದಿದ್ದರೆ ಮಂದಬುದ್ಧಿಯೆಂಬುದು ದೃಢವಾಗುತ್ತದೆ. ಮಗು ಒಂದು ದಿನ ಶಾಲೆಗೆ ಬರುವುದನ್ನು ನಿಲ್ಲಿಸುತ್ತದೆ. ಸಂಶೋಧಕನು ಆ ವೇಳೆಗೆ ಪದವಿ ಪಡೆದು ಬೇರೆ ಊರಿನಲ್ಲಿರುತ್ತಾನೆ. ಈ ಕಾರಣದಿಂದ ಅಂಕಗಳನ್ನು ಹೆಸರಿಗೆ ಬದಲಾಗಿ ಸಂಖ್ಯೆಗಳಿಂದ ದಾಖಲಿಸಬೇಕು. ತಂದೆತಾಯಿಗಳ ಸಮ್ಮತಿಯನ್ನು ಅವರ ಮಾತಿನಲ್ಲಿ ವಿವರಿಸಿ ಪಡೆಯಬೇಕು. ಕನ್ನಡದ ಪರೀಕ್ಷೆಯಲ್ಲಿ ಕಡಮೆ ಅಂಕ ಪಡೆದ ಮಗುವನ್ನು ಮನೆಮಾತಿನಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ಬುದ್ಧಿಯ ವಿಷಯವಾಗಿ ಒಂದು ಮಾತನ್ನೂ ಬರೆಯಕೂಡದು. ಮನೆಮಾತಿನಲ್ಲಿ ಪರೀಕ್ಷಿಸಲು ಆ ಭಾಷೆ ಬಲ್ಲವರು ಬೇಕು. ಕೂಡಿಗೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ಶಿಕ್ಷಣ ಪಡೆಯುವ ಭಾವೀ ಉಪಾಧ್ಯಾಯರಲ್ಲಿ ಈ ಭಾಷೆಗಳನ್ನು ಆಡುವವರಿದ್ದರೆ, ಸಾಮಗ್ರಿಯ ರಚನೆಗೆ ಅವರಿಗಿಂತ ಯೋಗ್ಯ ಸಹಾಯಕರು ಸಿಕ್ಕುವುದು ಕಷ್ಟ.

ಕೊನೆಯದಾಗಿ ಸಾಮಗ್ರಿಯ ಸಂರಕ್ಷಣೆಯ ಮಾತು. ನಮ್ಮ ಪ್ರಬಂಧಗಳಲ್ಲಿ ಕೋಷ್ಟಕಗಳು ಪೂರ್ಣವಾಗಿ ಅಚ್ಚಾಗುತ್ತವೆ. ಪದಪಟ್ಟಿಯ ಮಾದರಿಯೊಂದನ್ನು ಮಾತ್ರ ಕೊಟ್ಟು ಉಳಿದುದನ್ನು ಬಿಟ್ಟುಬಿಡುತ್ತಾರೆ. ಪಟ್ಟಿ ಪೂರ್ತಿಯಾಗಿ, ತಿರಸ್ಕರಿಸಿದ ಪದಗಳೂ ತಿರಸ್ಕಾರದ ಕಾರಣಗಳೂ ಸಹಿತವಾಗಿ, ವಿಭಾಗದ ಗ್ರಂಥಭಂಡಾರದಲ್ಲಿ ಇರತಕ್ಕದ್ದು. ಹೀಗೆ ಹತ್ತು ವರ್ಷ ಕೂಡಿಟ್ಟರೆ ಕೊಡಗಿನ ಮಕ್ಕಳಿಗೆ ಸಲ್ಲುವ ಪದಗಳ ಒಂದು ಪರಿಶೀಲಿತ ಕೋಶವೇ ಒದಗುತ್ತದೆ. ಚಿತ್ರದ ಕಾರ್ಡುಗಳನ್ನು ಕೆಲಸ ಮುಗಿದ ಮೇಲೆ ಶಾಲೆಗೇ ಕೊಟ್ಟುಬಿಡುವುದು ಒಳ್ಳೆಯದು. ಉಪಾಧ್ಯಾಯರು ಅವನ್ನು ನಮಗಿಂತ ಚೆನ್ನಾಗಿ ಬಳಸುತ್ತಾರೆ. ಧಾರಣೆಯ ಕೊನೆಯ ಪರೀಕ್ಷೆ ಮುಗಿಯುವವರೆಗೆ ಮಾತ್ರ ಆ ಪೆಟ್ಟಿಗೆಯನ್ನು ತರಗತಿಯಲ್ಲಿ ಬಿಟ್ಟುಬರಕೂಡದು. ಮಕ್ಕಳು ಅದನ್ನು ತೆರೆದು ನೋಡದೆ ಇರಲಾರರು.